ಸೀರಮ್ ಬಾಟಲಿಯೊಳಗೆ ಏನಿದೆ?

2021ರ ಜೂನ್ ತಿಂಗಳು. ಬ್ರಹ್ಮಪುರದ ಓಣಿಗಳಲ್ಲಿ ಲಸಿಕೆಯದೇ ಮಾತು. ಕೋವ್ಯಾಕ್ಸಿನ್‌ನಲ್ಲಿ ಕರುವಿನ ಸೀರಮ್ ಇದೆ ಅನ್ನೋ ಸಂದೇಶ ಆಗ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿತ್ತು. "ಖರೇನಾ ಇದು? ನೀವು ಸೈನ್ಸ್ ಓದೋರು, ಹೇಳ್ರಿ ನೋಡೋಣ" ಅಂತ ಮನೆಯಲ್ಲಿ ಮುತ್ಯಾ ಕೇಳಿದರೆ ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಕೇಂದ್ರ ಆರೋಗ್ಯ ಸಚಿವಾಲಯ ಅದೇ ತಿಂಗಳು ಸ್ಪಷ್ಟನೆ ಕೊಟ್ಟಿತು. ನವಜಾತ ಕರುವಿನ ಸೀರಮ್ ಬಳಕೆಯಾಗುವುದು ವೀರೋ ಎಂಬ ಜೀವಕೋಶಗಳನ್ನು ಬೆಳೆಸಲಿಕ್ಕೆ ಮಾತ್ರ. ಕೋಶಗಳು ಬೆಳೆದ ಮೇಲೆ ಅವನ್ನು ಹಲವು ಸಲ ತೊಳೆದು ಸೀರಮ್ ತೆಗೆಯುತ್ತಾರೆ. ಆಮೇಲೆ ಅವುಗಳಲ್ಲಿ ವೈರಸ್ ಬೆಳೆಸಿ, ಅದನ್ನು ನಿಷ್ಕ್ರಿಯಗೊಳಿಸಿ, ಶುದ್ಧೀಕರಿಸುತ್ತಾರೆ. ಅಂತಿಮ ಲಸಿಕೆಯಲ್ಲಿ ಸೀರಮ್ ಇರುವುದಿಲ್ಲ.

ಗದ್ದಲ ಅಲ್ಲಿಗೆ ಮುಗಿಯಿತು. ಆದರೆ ಒಂದು ಒಳ್ಳೆಯ ಪ್ರಶ್ನೆ ಹಾಗೇ ಉಳಿಯಿತು. ಕೋಶ ಬೆಳೆಸಲು ಕರುವಿನ ಸೀರಮ್ಮೇ ಯಾಕೆ ಬೇಕು? ಅದಿಲ್ಲದೆ ಆಗೋದಿಲ್ಲವೇ?

ಬಾಳೆಗೆ ಬೇಡ, ಪ್ರಾಣಿಕೋಶಕ್ಕೆ ಬೇಕು

ನಮ್ಮ ಕಮಲಾಪುರ ಕೆಂಪು ಬಾಳೆಗೆ ಹೆಸರಾದ ಊರು. ಬಾಳೆಯ ಅಂಗಾಂಶ ಕೃಷಿ ಅಂದ್ರೆ ಇಲ್ಲಿ ಯಾರಿಗೂ ಹೊಸದಲ್ಲ. ಆ ಸಸಿಗಳನ್ನು ಬೆಳೆಸುವ ಮಾಧ್ಯಮಕ್ಕೆ 1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ಬರೆದ ಪಾಕವೇ ಆಧಾರ: ಇಷ್ಟು ಲವಣ, ಇಷ್ಟು ಸಕ್ಕರೆ, ಇಷ್ಟು ಜೀವಸತ್ವ, ಇಷ್ಟು ಹಾರ್ಮೋನು. ಸಸ್ಯಕೋಶ ತನಗೆ ಬೇಕಾದ ಅಮೈನೋ ಆಮ್ಲಗಳನ್ನು ತಾನೇ ತಯಾರಿಸಿಕೊಳ್ಳುತ್ತದೆ.

ಪ್ರಾಣಿಕೋಶ ಹಾಗಲ್ಲ. ದೇಹದೊಳಗೆ ಅದಕ್ಕೆ ರಕ್ತವೇ ಎಲ್ಲವನ್ನೂ ತಂದುಕೊಡುತ್ತಿತ್ತು. ಸಕ್ಕರೆ, ಲವಣ, ಅಮೈನೋ ಆಮ್ಲ ಕೊಟ್ಟರೂ "ಈಗ ಬೆಳೆ" ಅಂತ ಹೇಳುವ ಸಂಕೇತ ಸಿಗದೆ ಅದು ಸುಮ್ಮನೆ ಕೂರುತ್ತದೆ. ಅದಕ್ಕಾಗಿ 1950ರ ದಶಕದಿಂದ ಮಾಧ್ಯಮಕ್ಕೆ ಸಾಮಾನ್ಯವಾಗಿ ಶೇ. 5ರಿಂದ 10ರಷ್ಟು ಸೀರಮ್ ಬೆರೆಸುವ ರೂಢಿ ಬೆಳೆಯಿತು.

ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಹಳದಿ ದ್ರವವೇ ಸೀರಮ್. ಲ್ಯಾಬುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎಫ್‌ಬಿಎಸ್, ಅಂದ್ರೆ ಇನ್ನೂ ಹುಟ್ಟದ ಕರುವಿನ ಸೀರಮ್. ಕಸಾಯಿಖಾನೆಗೆ ಬಂದ ಹಸು ಗಬ್ಬವಾಗಿದ್ದರೆ, ಹೊಟ್ಟೆಯೊಳಗಿನ ಕರುವಿನ ಹೃದಯಕ್ಕೆ ಸೂಜಿ ಹಾಕಿ ರಕ್ತ ತೆಗೆಯುತ್ತಾರೆ. ಆ ಸೀರಮ್ಮಿನಲ್ಲಿ ಬೆಳವಣಿಗೆಯ ಅಂಶಗಳು ಹೆಚ್ಚು, ಪ್ರತಿಕಾಯಗಳು ಕಡಿಮೆ. ಅದಕ್ಕೇ ಅದಕ್ಕೆ ಬೇಡಿಕೆ.

ತೊಂದರೆ ಎಲ್ಲಿದೆ?

ಮೊದಲನೆಯದು ಪ್ರಾಣಿಯ ನೋವು. ಅದನ್ನು ವಿವರಿಸಬೇಕಾಗಿಲ್ಲ.

ಎರಡನೆಯದು ಅಳತೆ. ಸೀರಮ್ಮಿನಲ್ಲಿ ನೂರಾರು ಬಗೆಯ ಪ್ರೋಟೀನುಗಳಿವೆ. ಯಾವುದು ಎಷ್ಟು ಅನ್ನೋದು ಬ್ಯಾಚಿನಿಂದ ಬ್ಯಾಚಿಗೆ ಬದಲಾಗುತ್ತದೆ. ಪ್ರಾಜೆಕ್ಟ್ ಕೆಲಸದಲ್ಲಿ ನಮಗೇ ಇದು ಅನುಭವಕ್ಕೆ ಬಂತು. ಹಳೆಯ ಬಾಟಲಿ ಮುಗಿದು ಹೊಸದು ತೆರೆದ ವಾರ ಕೋಶಗಳ ಬೆಳವಣಿಗೆ ಅರ್ಧಕ್ಕಿಳಿಯಿತು. ಇನ್‌ಕ್ಯುಬೇಟರ್ ನೋಡಿದೆವು, ಪಿಎಚ್ ನೋಡಿದೆವು, ಒಬ್ಬರ ಮೇಲೊಬ್ಬರು ತಪ್ಪು ಹೊರಿಸಿದೆವು. ಕೊನೆಗೆ ನೋಡಿದರೆ ಬದಲಾಗಿದ್ದು ಸೀರಮ್ಮಿನ ಲಾಟ್ ನಂಬರ್ ಒಂದೇ. ಹಿಂದಿನ ಎರಡು ತಿಂಗಳ ಅಂಕಿಗಳ ಜೊತೆ ಹೊಸ ಅಂಕಿಗಳನ್ನು ಹೋಲಿಸುವ ಹಾಗೇ ಇರಲಿಲ್ಲ.

ಮೂರನೆಯದು ಸುರಕ್ಷತೆ. ಜಾನುವಾರುಗಳ ವೈರಸ್ ಸೀರಮ್ಮಿನ ಜೊತೆ ಬರಬಹುದು. 1986ರಲ್ಲಿ ಬ್ರಿಟನ್ನಿನಲ್ಲಿ ಹುಚ್ಚು ಹಸು ರೋಗ ಗುರುತಾಯಿತು. 1996ರಲ್ಲಿ ಅದಕ್ಕೂ ಮನುಷ್ಯರ ಹೊಸ ಮೆದುಳು ಕಾಯಿಲೆಗೂ ನಂಟಿದೆ ಎಂಬುದು ಹೊರಬಂತು. ಆಮೇಲೆ ಔಷಧ ಉದ್ಯಮ ಸೀರಮ್ ಬಿಡಲು ಅವಸರ ಮಾಡಿತು.

ನಾಲ್ಕನೆಯದು ಶುದ್ಧೀಕರಣ. ಶೇ. 10 ಸೀರಮ್ ಹಾಕಿದರೆ ಮಾಧ್ಯಮದ ಪ್ರತಿ ಲೀಟರಿಗೆ ಕೆಲವು ಗ್ರಾಂ ಬೇಡದ ಪ್ರೋಟೀನ್ ಸೇರುತ್ತದೆ. ನಮಗೆ ಬೇಕಾದ ಒಂದೇ ಪ್ರೋಟೀನನ್ನು ಅದರೊಳಗಿಂದ ಹೆಕ್ಕಿ ತೆಗೆಯುವುದು ಖರ್ಚಿನ ಕೆಲಸ.

ಬಾಟಲಿಯಿಂದ ಪಟ್ಟಿಗೆ

ಸೀರಮ್ ತೆಗೆಯುವುದು ಅಂದ್ರೆ ಒಂದು ವಸ್ತು ತೆಗೆದು ಇನ್ನೊಂದು ಹಾಕುವುದಲ್ಲ. ಸೀರಮ್ ಸದ್ದಿಲ್ಲದೆ ಮಾಡುತ್ತಿದ್ದ ಒಂದೊಂದು ಕೆಲಸವನ್ನೂ ಗುರುತಿಸಿ, ಒಂದೊಂದಕ್ಕೂ ಬೇರೆ ವ್ಯವಸ್ಥೆ ಮಾಡಬೇಕು.

1976ರಲ್ಲಿ ಹಯಾಶಿ ಮತ್ತು ಗಾರ್ಡನ್ ಸಾಟೋ ಇದನ್ನು ತೋರಿಸಿಕೊಟ್ಟರು. ಸೀರಮ್ಮಿನ ಬದಲು ಹಾರ್ಮೋನು ಮೊದಲಾದ ಗೊತ್ತಿರುವ ಅಂಶಗಳನ್ನು ಕೊಟ್ಟು ಕೋಶ ಬೆಳೆಸಿದರು. ಇಂದು ಹಲವು ಮಾಧ್ಯಮಗಳಿಗೆ ತಳಪಾಯ ಮೂರು ವಸ್ತುಗಳು: ಕೋಶ ಸಕ್ಕರೆ ಬಳಸಿ ಬೆಳೆಯಲು ಇನ್ಸುಲಿನ್, ಕಬ್ಬಿಣ ಸಾಗಿಸಲು ಟ್ರಾನ್ಸ್‌ಫೆರಿನ್, ಆಕ್ಸಿಡೇಶನ್ ಹಾನಿ ತಡೆಯಲು ಸೆಲೆನಿಯಂ. ಕೋಶ ತಟ್ಟೆಗೆ ಅಂಟಬೇಕಾದರೆ ವಿಟ್ರೋನೆಕ್ಟಿನ್ ಲೇಪನ. ಕೋಶ ಬಿಡಿಸಲು ಹಾಕಿದ ಟ್ರಿಪ್ಸಿನ್‌ನ ಕೆಲಸವನ್ನು ಮೊದಲು ಸೀರಮ್ ನಿಲ್ಲಿಸುತ್ತಿತ್ತು. ಈಗ ಅದಕ್ಕೂ ಬೇರೆ ಪ್ರತಿರೋಧಕ ಬೇಕು.

ಮೆಕ್ಯಾನಿಕಲ್, ಕೆಮಿಕಲ್ ಗೆಳೆಯರಿಗೆ ಒಂದು ಮಾತು. ಬಯೋರಿಯಾಕ್ಟರಿನಲ್ಲಿ ಗಾಳಿಗುಳ್ಳೆ ಮೇಲೆ ಬಂದು ಒಡೆಯುವಾಗ ಹತ್ತಿರದ ಕೋಶಗಳೂ ಒಡೆಯುತ್ತವೆ. ಸೀರಮ್ ಇದ್ದಾಗ ಅದರ ಪ್ರೋಟೀನುಗಳು ಸ್ವಲ್ಪ ರಕ್ಷಣೆ ಕೊಡುತ್ತಿದ್ದವು. ಈಗ ಆ ಕೆಲಸ ಪೊಲಾಕ್ಸಮರ್ 188 ಎಂಬ ಪಾಲಿಮರಿನದು. ಇದು ಜೀವಶಾಸ್ತ್ರಕ್ಕಿಂತ ಹೆಚ್ಚಾಗಿ ಫ್ಲೂಯಿಡ್ ಮೆಕ್ಯಾನಿಕ್ಸ್.

ಪ್ರಮಾಣ ಗೊತ್ತುಮಾಡುವುದೂ ಎಂಜಿನಿಯರಿಂಗ್ ಕೆಲಸವೇ. 8 ಅಂಶಗಳನ್ನು ಎರಡೆರಡು ಮಟ್ಟದಲ್ಲಿ ಪರೀಕ್ಷಿಸಿದರೆ 256 ಪ್ರಯೋಗ. ಪ್ಲ್ಯಾಕೆಟ್–ಬರ್ಮನ್ ವಿನ್ಯಾಸದಲ್ಲಿ 12 ಪ್ರಯೋಗದಲ್ಲೇ ಮುಖ್ಯ ಅಂಶಗಳು ಯಾವುವು ಎಂದು ಜರಡಿ ಹಿಡಿಯಬಹುದು. 2011ರಲ್ಲಿ ಜೇಮ್ಸ್ ಥಾಮ್ಸನ್ ತಂಡ ಮಾನವ ಕಾಂಡಕೋಶಗಳಿಗೆ ತಯಾರಿಸಿದ ಇ8 ಮಾಧ್ಯಮದಲ್ಲಿ, ಮೂಲ ಮಾಧ್ಯಮವೂ ಸೇರಿ, ಇರುವುದು ಎಂಟೇ ಘಟಕ.

ಹೆಸರಿಗೆ ಮೋಸಹೋಗಬಾರದು

"ಸೀರಮ್ ಫ್ರೀ" ಅಂದ್ರೆ ಸೀರಮ್ ಇಲ್ಲ ಅಂತ ಮಾತ್ರ. ಹಸುವಿನ ಆಲ್ಬುಮಿನ್ ಇರಬಹುದು. "ಪ್ರಾಣಿಮೂಲ ಇಲ್ಲ" ಅಂದರೂ ಸೋಯಾ ಕಾಳಿನ ಹೈಡ್ರೊಲೈಸೇಟ್ ಇರಬಹುದು. ಅದರೊಳಗೆ ಏನೇನಿದೆ ಅಂತ ಪೂರ್ತಿ ಹೇಳಲಾಗದು. ಪ್ರತಿಯೊಂದು ಅಂಶದ ಹೆಸರೂ ಪ್ರಮಾಣವೂ ಗೊತ್ತಿದ್ದರೆ ಮಾತ್ರ ಅದು "ರಾಸಾಯನಿಕವಾಗಿ ನಿರ್ಧರಿತ" ಮಾಧ್ಯಮ. ಮೂರೂ ಬೇರೆ ಬೇರೆ.

ಬದಲಾವಣೆ ಒಂದೇ ದಿನದಲ್ಲಿ ಆಗುವುದಿಲ್ಲ. ಕೂಸಿಗೆ ಹಾಲು ಬಿಡಿಸಿದ ಹಾಗೆ ಶೇ. 10ರಿಂದ 5, 2.5, 1 ಅಂತ ಇಳಿಸುತ್ತ, ಪ್ರತಿ ಹಂತದಲ್ಲೂ ಕೋಶಗಳು ಚೇತರಿಸಿಕೊಂಡವೇ ಅಂತ ನೋಡಬೇಕು. ಒಂದು ಕೋಶಕ್ಕೆ ಒಗ್ಗಿದ ಪಾಕ ಇನ್ನೊಂದಕ್ಕೆ ಒಗ್ಗದು. ಖರ್ಚೂ ಇದೆ: ಇ8ನಲ್ಲಿ ಬಳಸುವ ಎಫ್‌ಜಿಎಫ್2 ಎಂಬ ಬೆಳವಣಿಗೆಯ ಅಂಶ ದುಬಾರಿ, ಮೇಲಾಗಿ 37 ಡಿಗ್ರಿ ಶಾಖದಲ್ಲಿ ಬೇಗ ಶಕ್ತಿ ಕಳೆದುಕೊಳ್ಳುತ್ತದೆ. ಶಾಖ ತಾಳುವ ರೂಪಗಳನ್ನು ಈಗ ವಿನ್ಯಾಸ ಮಾಡಿದ್ದಾರೆ.

ಇನ್ಸುಲಿನ್ ಹೇಳುವ ಕಥೆ

ಇದು ನಡೆಯುವ ಮಾತೇ ಅಂತ ಅನುಮಾನವಿದ್ದರೆ ಇನ್ಸುಲಿನ್ ನೋಡಿ. ಒಂದು ಕಾಲಕ್ಕೆ ಅದೂ ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದಲೇ ಬರುತ್ತಿತ್ತು. 1982ರಲ್ಲಿ ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ ಮಾನವ ಇನ್ಸುಲಿನ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. 2004ರಲ್ಲಿ ಬೆಂಗಳೂರಿನ ಬಯೋಕಾನ್ ಪಿಕಿಯಾ ಎಂಬ ಯೀಸ್ಟಿನಲ್ಲಿ ತಯಾರಿಸಿದ ಮಾನವ ಇನ್ಸುಲಿನ್ ಮಾರುಕಟ್ಟೆಗೆ ತಂದಿತು. ಸೀರಮ್ ಇಲ್ಲದ ಮಾಧ್ಯಮಕ್ಕೂ ಈಗ ಹೀಗೆ ತಯಾರಾದ ಇನ್ಸುಲಿನ್ ಬಳಸಬಹುದು. ಕ್ಯಾನ್ಸರ್‌ಗೆ ಕೊಡುವ ಟ್ರಾಸ್ಟುಜುಮಾಬ್‌ನಂಥ ಪ್ರತಿಕಾಯ ಔಷಧಗಳನ್ನು ಹ್ಯಾಮ್‌ಸ್ಟರ್ ಅಂಡಾಶಯದ ಕೋಶಗಳಲ್ಲಿ ತಯಾರಿಸುವ ಉದ್ಯಮವೂ ಬಹುಮಟ್ಟಿಗೆ ಸೀರಮ್ ಬಿಟ್ಟಿದೆ. ವೀರೋ ಕೋಶಗಳಿಗೂ ಸೀರಮ್ ಇಲ್ಲದ ಮಾಧ್ಯಮಗಳು ಬಂದಿವೆ. ಹಿಂದೆ ಉಳಿದಿರುವುದು ಹೆಚ್ಚಾಗಿ ನಮ್ಮಂಥ ಕಾಲೇಜು ಲ್ಯಾಬುಗಳು. ಹಳೆಯ ಪ್ರೋಟೋಕಾಲಿನಲ್ಲಿ "ಶೇ. 10 ಎಫ್‌ಬಿಎಸ್" ಅಂತಿದೆ, ನಾವೂ ಹಾಕುತ್ತೇವೆ.

ಮುಂದಿನ ಪ್ರಾಜೆಕ್ಟಿಗೆ ಕೂರುವಾಗ ಎರಡು ಕೆಲಸ ಮಾಡೋಣ. ನಮ್ಮ ಕೋಶಕ್ಕೆ ನಿರ್ಧರಿತ ಮಾಧ್ಯಮ ಇದೆಯೇ ಅಂತ ಮೊದಲು ಹುಡುಕೋಣ. ಸೀರಮ್ ಅನಿವಾರ್ಯವಾದರೆ ಅದರ ಲಾಟ್ ನಂಬರನ್ನು ಮೊದಲ ದಿನವೇ ನೋಟ್‌ಬುಕ್ಕಿನಲ್ಲಿ ಬರೆದಿಡೋಣ.

ಮುತ್ಯಾ ಈಗ ಮತ್ತೆ ಕೇಳಿದರೆ ಉತ್ತರ ಇದೆ: "ಲಸಿಕ್ಯಾಗ ಇಲ್ಲ ಮುತ್ಯಾ. ಅದನ್ನ ಮಾಡೋ ದಾರ್ಯಾಗ ಇತ್ತು. ಆ ದಾರೀನೂ ಬದಲ್ ಮಾಡ್ಲಿಕ್ಕೆ ಬರ್ತದ."