32 ಅಡಿಯೊಳಗೆ ಒಂದು ವರ್ಷ

1968ರ ಜೂನ್. ಇಂಗ್ಲೆಂಡಿನ ಫಾಲ್ಮತ್ ಬಂದರಿನಲ್ಲಿ ‘ಸುಹೈಲಿ’ ಹೊರಡಲು ಸಜ್ಜಾಗಿದೆ. ಮುಂಬೈಯಲ್ಲಿ ತೇಗದ ಮರದಿಂದ ಕಟ್ಟಿದ ಹಾಯಿದೋಣಿ. ಉದ್ದ 32 ಅಡಿ, ಅಗಲ 11 ಅಡಿ. ಯಾವ ಬಂದರಿಗೂ ತಾಗದೆ ಒಬ್ಬನೇ ಭೂಮಿಯನ್ನು ಸುತ್ತಿಬರುವ ಸ್ಪರ್ಧೆಗೆ ಇಳಿದ ರಾಬಿನ್ ನಾಕ್ಸ್-ಜಾನ್‌ಸ್ಟನ್ ಅದರೊಳಗೆ ಹೆಚ್ಚುಕಡಿಮೆ ಒಂದು ವರ್ಷಕ್ಕಾಗುವಷ್ಟು ಊಟ, ನೀರು, ಹಗ್ಗ, ಹಾಯಿ, ಉಪಕರಣ, ಔಷಧ, ಪುಸ್ತಕಗಳನ್ನು ಹೊಂದಿಸಬೇಕು. ಮುಂದೆ ಅಂಗಡಿಯಿಲ್ಲ.

ಇಂಥ ದೋಣಿಯ ಒಳಗಿಳಿದರೆ ಮನೆಯ ಕಪಾಟಿನ ಲೆಕ್ಕ ನಡೆಯುವುದಿಲ್ಲ. ಇಲ್ಲಿ ಗೋಡೆ ನೆಟ್ಟಗಿಲ್ಲ, ಮಡಕೆಯ ಒಡಲಿನ ಹಾಗೆ ಬಾಗಿದೆ. ಚೌಕದ ಪೆಟ್ಟಿಗೆ ಇಟ್ಟರೆ ಹಿಂದೆ ಗೇಣಗಲ ಜಾಗ ಹಾಳು. ಮೆತ್ತನೆಯ ಚೀಲವಾದರೆ ಬಾಗಿದ ಕಡೆಗೆ ಬಾಗಿ ಕೂರುತ್ತದೆ. ಮಲಗುವ ಹಲಗೆ ಎತ್ತಿದರೆ ಅದರಡಿ ಉಗ್ರಾಣ. ಕಾಲಡಿಯ ಹಲಗೆ ಎತ್ತಿದರೆ ಇನ್ನೊಂದು. ಅತಿ ಭಾರದ ಡಬ್ಬಿ, ನೀರು ಅಲ್ಲಿಗೇ ಹೋಗಬೇಕು, ಅದೂ ದೋಣಿಯ ನಡುವಿಗೆ. ಮುಂತುದಿಯಲ್ಲಿ ಭಾರ ಹೇರಿದರೆ ದೋಣಿ ಪ್ರತಿ ಅಲೆಗೂ ಮೂಗು ಕುಟ್ಟುತ್ತದೆ. ಆದ್ದರಿಂದ ಅಲ್ಲಿ ಹಗುರವಾದ ಹಾಯಿ, ಬಟ್ಟೆ. ಮೇಲೆ ತೂಗುವ ಬಲೆಯಲ್ಲಿ ಈರುಳ್ಳಿ; ಗಾಳಿಯಾಡಿದರೆ ಬೇಗ ಕೊಳೆಯದು. ಪ್ರತಿ ಕಪಾಟಿನ ಅಂಚಿಗೂ ಬೆರಳೆತ್ತರದ ಪಟ್ಟಿ ಬಡಿದಿದೆ, ದೋಣಿ ವಾಲಿದಾಗ ಲೋಟ ಉರುಳದಂತೆ.

ದೋಣಿಯ ತಳದಲ್ಲಿ ತೇವ ತಪ್ಪಿದ್ದಲ್ಲ. ಡಬ್ಬಿಗೆ ಅಂಟಿಸಿದ ಕಾಗದ ನೆನೆದು ಬಿಡಿಸಿಕೊಂಡು, ತೇಲಿ ಹೋಗಿ ನೀರೆತ್ತುವ ಪಂಪಿನ ಬಾಯಿಗೆ ಸಿಕ್ಕಿಕೊಳ್ಳುತ್ತದೆ. ಬಿರುಗಾಳಿಯಲ್ಲಿ ಪಂಪು ಕಟ್ಟಿಕೊಂಡರೆ ಜೀವಕ್ಕೇ ಸಂಚಕಾರ. ಅದಕ್ಕೇ ದೂರ ಹೊರಟವರು ದಡದಲ್ಲೇ ಕಾಗದ ಕಿತ್ತು, ಡಬ್ಬಿಯ ಮೇಲೆ ಬಣ್ಣದಿಂದ ಗುರುತು ಬರೆಯುತ್ತಾರೆ. ರಟ್ಟಿನ ಪೆಟ್ಟಿಗೆಗಳನ್ನು ಒಳಗೆ ತರುವುದೇ ಇಲ್ಲ; ಅವುಗಳ ಮಡಿಕೆಯಲ್ಲಿ ಜಿರಳೆ ಮೊಟ್ಟೆ ಅಡಗಿರುತ್ತದೆ. ತಿನ್ನುವ ಮೊಟ್ಟೆಗೆ ವ್ಯಾಸಲೀನ್ ಸವರಿಟ್ಟರೆ ವಾರಗಟ್ಟಲೆ ಬಾಳುತ್ತದೆ. ಯಾವ ಗೂಡಿನಲ್ಲಿ ಏನಿದೆ ಎಂಬ ಪಟ್ಟಿಯೂ ಕೈಗೆಟಕುವಲ್ಲಿ ಇರಬೇಕು. ಕಗ್ಗತ್ತಲಲ್ಲಿ ಒಂದು ಕೈ ದೋಣಿಯನ್ನು ಹಿಡಿದಿರುವಾಗ, ಬೇಕಾದ ವಸ್ತು ಉಳಿದ ಒಂದೇ ಕೈಗೆ ಸಿಗಬೇಕು. ಒಳ್ಳೆಯ ಜೋಡಣೆಗೆ ಇದಕ್ಕಿಂತ ನೇರವಾದ ಪರೀಕ್ಷೆ ಇಲ್ಲ.

ಅದೇ ಸ್ಪರ್ಧೆಗೆ ‘ಜೋಶುವಾ’ ಎಂಬ 39 ಅಡಿಯ ಉಕ್ಕಿನ ದೋಣಿಯಲ್ಲಿ ಹೊರಟ ಫ್ರಾನ್ಸಿನ ಬರ್ನಾರ್ ಮೊಯಿಟೆಸಿಯೆ ಹಿಡಿದದ್ದು ಇನ್ನೊಂದು ದಾರಿ. ಎಂಜಿನ್, ಲಂಗರು, ಸರಪಳಿ ಎಂದು ಭಾರದ್ದನ್ನೆಲ್ಲ ಪ್ಲಿಮತ್ತಿನಲ್ಲೇ ಇಳಿಸಿದ. ದೋಣಿ ಹಗುರಾಯಿತು, ವೇಗ ಹೆಚ್ಚಿತು.

ದಕ್ಷಿಣ ಮಹಾಸಾಗರದಲ್ಲಿ ಒಂದು ರಾತ್ರಿ ಅಲೆಯೊಂದು ಸುಹೈಲಿಯನ್ನು ಮಗ್ಗುಲಿಗೆ ಕೆಡವಿತು. ಮಲಗಿದ್ದ ನಾಕ್ಸ್-ಜಾನ್‌ಸ್ಟನ್ ಮೇಲೆ ಸಾಮಾನು ರಾಶಿ ಬಿತ್ತು. ತೊಟ್ಟಿಯ ಕುಡಿಯುವ ನೀರು ಕೆಟ್ಟಿರುವುದೂ ಆಮೇಲೆ ತಿಳಿಯಿತು. ಆಗ ಆತನನ್ನು ಕಾದದ್ದು ತೊಟ್ಟಿಯ ಹೊರಗೆ ಕ್ಯಾನುಗಳಲ್ಲಿ ಇಟ್ಟಿದ್ದ ಅಷ್ಟಿಷ್ಟು ನೀರು, ಆಮೇಲೆ ಹಾಯಿಯಿಂದ ಇಳಿಸಿಕೊಂಡ ಮಳೆನೀರು. ಬದುಕಿಗೆ ಬೇಕಾದುದನ್ನೆಲ್ಲ ಒಂದೇ ಕಡೆ ಇಡಬಾರದು ಎಂಬ ಮಾತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

1969ರ ಏಪ್ರಿಲ್ 22ರಂದು, 312 ದಿನಗಳ ಬಳಿಕ, ಸುಹೈಲಿ ಫಾಲ್ಮತ್ತಿಗೆ ಮರಳಿತು. ಸ್ಪರ್ಧೆಗೆ ಇಳಿದ 9 ಜನರಲ್ಲಿ ಗುರಿ ಮುಟ್ಟಿದ್ದು ಆತ ಒಬ್ಬನೇ. ಆ ಗೆಲುವಿನಲ್ಲಿ ಧೈರ್ಯದ ಪಾಲು ದೊಡ್ಡದು. ಹಲಗೆಯಡಿ ಒಂದೊಂದು ಡಬ್ಬಿಗೂ ಯೋಚಿಸಿ ಜಾಗ ಕೊಟ್ಟ ತಾಳ್ಮೆಗೂ ಅದರಲ್ಲಿ ಪಾಲು ಸಲ್ಲಬೇಕು.