ಅಕ್ಕ ಶಾಲೆಗೆ, ಕೂಸು ಕೂಸಿನ ಮನೆಗೆ

ಹಾಸನ ಜಿಲ್ಲೆಯ ಬಾಗೂರು ಎಂದೊಡನೆ ಹೇಮಾವತಿ ನೀರನ್ನು ತುಮಕೂರಿನತ್ತ ಒಯ್ಯುವ ಸುರಂಗ ನೆನಪಾಗುತ್ತದೆ. ಈ ಸೀಮೆಯ ಬದುಕನ್ನು ನಡೆಸುತ್ತಿರುವುದು ಮಾತ್ರ ಹೊಲದ ಕೂಲಿ. ಚನ್ನರಾಯಪಟ್ಟಣದ ತೆಂಗು, ರಾಗಿ, ಅರಕಲಗೂಡಿನ ಹೊಗೆಸೊಪ್ಪು, ಹಾಸನದ ಆಲೂಗಡ್ಡೆ, ಶುಂಠಿ ಎಲ್ಲಕ್ಕೂ ಹೆಂಗಸರ ಕೈ ಬೇಕು. ಸಕಲೇಶಪುರ, ಬೇಲೂರಿನ ಕಾಫಿ ತೋಟಗಳಿಗೆ ದೂರದ ಅಸ್ಸಾಮಿನಿಂದಲೂ ಸಂಸಾರಗಳು ಬರುತ್ತವೆ. ಕೂಲಿಗೆ ಹೊರಟ ತಾಯಿ ಎಳೆಗೂಸನ್ನು ಯಾರ ಕೈಗೆ ಕೊಡಬೇಕು? ವಲಸೆ ಬಂದವರ ಅಜ್ಜಿ ಹುಟ್ಟೂರಲ್ಲೇ ಉಳಿದಿದ್ದರೆ ಕೂಸಿಗೆ ಉಳಿಯುವವಳು ಎಂಟು–ಹತ್ತು ವರ್ಷದ ಅಕ್ಕ. ಹುಡುಗಿಯನ್ನು ಶಾಲೆಯಿಂದ ಯಾರೂ ಬಿಡಿಸುವುದಿಲ್ಲ, ಕೂಸು ನೋಡಿಕೊಳ್ಳುತ್ತಾ ಅವಳು ತಾನಾಗಿಯೇ ಹಿಂದೆ ಬೀಳುತ್ತಾಳೆ. ಹಾಜರಾತಿ ಪುಸ್ತಕ ಅವಳು ಬರಲಿಲ್ಲ ಎಂದಷ್ಟೇ ಹೇಳುತ್ತದೆ, ಏಕೆಂದು ಹೇಳುವುದಿಲ್ಲ. ಆದ್ದರಿಂದ ಕೂಸು ನೋಡಿಕೊಳ್ಳುವ ಏರ್ಪಾಡನ್ನು ಶಿಕ್ಷಣದ ಕೆಲಸವೆಂದೇ ಎಣಿಸಬೇಕು.

ಗ್ರಾಮ ಪಂಚಾಯಿತಿಯ ‘ಕೂಸಿನ ಮನೆ’ಯನ್ನು ಈ ಕಣ್ಣಿನಿಂದ ನೋಡಬೇಕು. ರಾಜ್ಯದ 4,000 ಪಂಚಾಯಿತಿಗಳಲ್ಲಿ ಇದನ್ನು ತೆರೆಯುವುದಾಗಿ ಸರ್ಕಾರ 2023ರಲ್ಲಿ ಪ್ರಕಟಿಸಿತು. ದುಡಿಯುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗೆ ಹಗಲಿನ ಆಸರೆ, ಆಟ, ಊಟ ಇಲ್ಲಿ ಸಿಗಬೇಕು. 1975ರಲ್ಲಿ ಆರಂಭವಾದ ಅಂಗನವಾಡಿ ದೊಡ್ಡ ಕೆಲಸವನ್ನೇ ಮಾಡಿದೆ. ಆದರೆ ಅಲ್ಲಿ ಬಂದು ಕೂತು ಕಲಿಯುವುದು ಮೂರರಿಂದ ಆರು ವರ್ಷದ ಮಕ್ಕಳು. ಅದಕ್ಕೂ ಚಿಕ್ಕವರಿಗೆ ಮನೆಗೆ ಆಹಾರ ಸಿಕ್ಕರೂ ಹಗಲಿಡೀ ಕಾಯುವವರು ಸಿಗುವುದಿಲ್ಲ. ಕಾನೂನು ಈ ತೊಂದರೆಯನ್ನು ಮೊದಲೇ ಗುರುತಿಸಿತ್ತು. 1951ರ ತೋಟ ಕಾರ್ಮಿಕರ ಕಾಯ್ದೆ ಐವತ್ತು ಹೆಣ್ಣಾಳುಗಳಿದ್ದಲ್ಲಿ ಶಿಶುಪಾಲನಾ ಕೊಠಡಿ ಇರಬೇಕೆಂದಿತು. ನಮ್ಮ ಕಾಫಿ ಬೆಳೆಗಾರರಲ್ಲಿ ಬಹುಪಾಲು ಸಣ್ಣ ಹಿಡುವಳಿದಾರರು. ನಾಲ್ಕಾರು ಹೆಂಗಸರು ದುಡಿಯುವ ಅಂಥ ತೋಟಕ್ಕೂ ಶುಂಠಿ ಹೊಲಕ್ಕೂ ಆ ನಿಯಮ ತಲುಪಲೇ ಇಲ್ಲ. ಮಾಲೀಕ ಒಬ್ಬೊಬ್ಬನಿಂದ ಆಗದ್ದನ್ನು ಊರು ಒಟ್ಟಾಗಿ ಮಾಡಬಲ್ಲದು, ಪಂಚಾಯಿತಿ ಇರುವುದೇ ಅದಕ್ಕಾಗಿ.

ಹೊರಗಿನಿಂದ ಬಂದವರ ಮಕ್ಕಳಿಗೆ ನಮ್ಮ ಪಂಚಾಯಿತಿ ಏಕೆ ಖರ್ಚು ಮಾಡಬೇಕು ಎಂಬ ಮಾತಿದೆ. ಕಾಫಿ ಹಣ್ಣು ಬಿಡಿಸಲು ಅವರು ಬೇಕು, ಅವರ ಕೂಸು ಬೇಡ ಎನ್ನುವುದು ನ್ಯಾಯವಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ವರ್ಗಾವಣೆ ಪತ್ರ ತಡವಾಯಿತೆಂದು ಮಗುವನ್ನು ಶಾಲೆಯಿಂದ ಹಿಂದಕ್ಕೆ ಕಳಿಸಬಾರದು ಎನ್ನುತ್ತದೆ. ಆರು ವರ್ಷದ ಮಗುವಿಗೆ ಇರುವ ಈ ಆದರ ಒಂದು ವರ್ಷದ ಕೂಸಿಗೂ ಸಿಗಬೇಡವೇ? ಹಾಗೆ ಸಿಕ್ಕ ಉದಾಹರಣೆ ಅಮೆರಿಕದಲ್ಲಿದೆ. ಅಲ್ಲಿ 1965ರಲ್ಲಿ ಬಡಮಕ್ಕಳಿಗಾಗಿ ‘ಹೆಡ್ ಸ್ಟಾರ್ಟ್’ ಎಂಬ ಶಾಲಾಪೂರ್ವ ಯೋಜನೆ ಶುರುವಾಯಿತು. ಬೆಳೆಯ ಹಿಂದೆ ಊರೂರು ಅಲೆಯುವ ಕೃಷಿ ಕಾರ್ಮಿಕರಿಗಾಗಿ 1969ರಲ್ಲಿ ಅದರದೇ ಒಂದು ಶಾಖೆ ಹುಟ್ಟಿತು. ಅದನ್ನು ಬಳಸಿದವರಲ್ಲಿ ಹೆಚ್ಚಿನವರು ಸ್ಪ್ಯಾನಿಷ್ ಮಾತಾಡುವ ಲ್ಯಾಟಿನೊ ಸಂಸಾರಗಳು. ಹೊಲದ ಬಿಸಿಲಿಗೂ ಕೀಟನಾಶಕಕ್ಕೂ ಸಿಗದಂತೆ ಎಳೆಗೂಸುಗಳನ್ನೂ ಅಲ್ಲಿ ಸೇರಿಸಿಕೊಂಡರು, ಸುಗ್ಗಿಗೆ ತಕ್ಕಂತೆ ವೇಳೆ ಇಟ್ಟುಕೊಂಡರು, ಮನೆಮಾತು ಬಲ್ಲವರನ್ನು ಕೆಲಸಕ್ಕೆ ತೆಗೆದುಕೊಂಡರು. ನಮ್ಮಲ್ಲೂ ವಲಸೆ ಬಂದ ಹೆಂಗಸೊಬ್ಬಳು ಆರೈಕೆಗೆ ನಿಂತರೆ ಕೂಸು ಅಳುವಾಗ ಅದರದೇ ಮಾತಿನಲ್ಲಿ ಸಮಾಧಾನ ಸಿಗುತ್ತದೆ. ಕನ್ನಡವನ್ನು ಅದು ಜೊತೆಯ ಮಕ್ಕಳಿಂದ ಕಲಿಯುತ್ತದೆ, ಕಲಿಯದೇ ಹೋದೀತೆಂಬ ಭಯ ಬೇಡ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಆರೈಕೆಯವರನ್ನು ಉದ್ಯೋಗ ಖಾತರಿಯ ಕೂಲಿಯ ಮೇಲೆ, ಸರದಿಯಂತೆ ನೇಮಿಸಿದರೆ ಕೂಸು ಒಬ್ಬರಿಗೆ ಹೊಂದಿಕೊಳ್ಳುವಷ್ಟರಲ್ಲಿ ಇನ್ನೊಬ್ಬರು ಬರುತ್ತಾರೆ. ಈ ವಯಸ್ಸಿಗೆ ಬೇಕಾದದ್ದು ದಿನವೂ ಕಾಣುವ ಒಂದೇ ಮುಖ. ಈ ದೋಷ ನಿಜ. ಅದಕ್ಕೆ ಮದ್ದು ಕೇಂದ್ರ ಮುಚ್ಚುವುದಲ್ಲ, ಕಾಯಂ ಆಗಿ ಒಬ್ಬರನ್ನಾದರೂ ಯೋಗ್ಯ ಸಂಬಳಕ್ಕೆ ಇಟ್ಟುಕೊಳ್ಳುವುದು. ವೇಳೆಯ ವಿಚಾರವೂ ಅಷ್ಟೇ ಮುಖ್ಯ. ತಾಯಿ ಎಂಟಕ್ಕೇ ಹೊಲಕ್ಕಿಳಿದು ಕೂಸಿನ ಮನೆ ಹತ್ತಕ್ಕೆ ಬಾಗಿಲು ತೆಗೆದರೆ ನಡುವಿನ ಎರಡು ಗಂಟೆ ಮತ್ತೆ ಅಕ್ಕನ ತಲೆಗೇ ಬೀಳುತ್ತದೆ. ಎಷ್ಟಕ್ಕೆ ತೆರೆಯಬೇಕೆಂದು ಕೂಲಿಗೆ ಹೋಗುವ ಹೆಂಗಸರನ್ನೇ ಗ್ರಾಮಸಭೆಗೆ ಕರೆದು ಕೇಳಬೇಕು, ಅದೂ ಕೆಲಸ ಬಿಟ್ಟು ಬರಬೇಕಾಗದ ಸಂಜೆಯ ಹೊತ್ತಿನಲ್ಲಿ.