ಮೊಬೈಲಿಗೆ ಎಷ್ಟು ಮೆಮರಿ ಬೇಕು?

ಮನುಷ್ಯನಿಗೆ ಮರೆವೂ ಒಂದು ವರವೆಂದು ಹಿರಿಯರು ಹೇಳುತ್ತಾರೆ. ಮೊಬೈಲ್ ಅಂಗಡಿಯವನದು ಬೇರೆಯೇ ಮಾತು: ‘ಮೆಮರಿ ಹೆಚ್ಚಿದ್ದಷ್ಟೂ ಒಳ್ಳೆಯದು ಸಾರ್.’ ಪೆಟ್ಟಿಗೆಯ ಮೇಲೆ 8 ಮತ್ತು 128 ಎಂದೋ, 12 ಮತ್ತು 256 ಎಂದೋ ಅಚ್ಚಾಗಿರುತ್ತದೆ. ಒಂದು ಮೆಟ್ಟಿಲು ಮೇಲೇರಿದರೆ ಕೆಲವು ಸಾವಿರ ರೂಪಾಯಿ ಹೆಚ್ಚು ತೆರಬೇಕು. ನಿವೃತ್ತಿವೇತನದಲ್ಲಿ ಬಾಳುವವರಿಗೆ, ಮಗಳನ್ನು ಕಾಲೇಜಿಗೆ ಕಳುಹಿಸುವ ತಂದೆಗೆ ಅದು ಸಣ್ಣ ಮೊತ್ತವಲ್ಲ. ಹಾಗೆಂದು ಕಡಿಮೆಯದನ್ನು ಕೊಂಡು ಆಮೇಲೆ ಸೇರಿಸಿಕೊಳ್ಳೋಣವೆಂದರೆ ಅದೂ ಎಷ್ಟೋ ಫೋನುಗಳಲ್ಲಿ ಆಗದು. ಈ ಚಿಪ್ಪುಗಳನ್ನು ಒಳಗಿನ ಫಲಕಕ್ಕೆ ಬೆಸೆದುಬಿಟ್ಟಿರುತ್ತಾರೆ. ಆದ್ದರಿಂದ ಕೊಳ್ಳುವ ಮೊದಲೇ ಲೆಕ್ಕ ಹಾಕುವುದು ಜಾಣತನ.

ಪೆಟ್ಟಿಗೆಯ ಮೇಲಿನ ಆ ಎರಡು ಅಂಕೆಗಳು ಎರಡು ಬೇರೆ ವಸ್ತುಗಳನ್ನು ಕುರಿತವು. ಮದುವೆಮನೆಯಲ್ಲಿ ಉಗ್ರಾಣವೊಂದು ಇರುತ್ತದೆ, ಒಲೆಯ ಪಕ್ಕದ ಕಟ್ಟೆಯೊಂದು ಇರುತ್ತದೆ. ಅಕ್ಕಿ, ಬೇಳೆ, ಬೆಲ್ಲ ಇರುವುದು ಉಗ್ರಾಣದಲ್ಲಿ. ಈ ಹೊತ್ತಿನ ಸಾರಿಗೆ ಬೇಕಾದ ಹೆಚ್ಚಿದ ತರಕಾರಿ, ರುಬ್ಬಿದ ಮಸಾಲೆ ಇರುವುದು ಕಟ್ಟೆಯ ಮೇಲೆ. 128 ಎಂಬ ದೊಡ್ಡ ಅಂಕೆ ಉಗ್ರಾಣದ್ದು, ಅಂದರೆ ಸ್ಟೋರೇಜ್. 8 ಎಂಬ ಚಿಕ್ಕ ಅಂಕೆ ಕಟ್ಟೆಯದು, ಅಂದರೆ ರ‍್ಯಾಮ್. ಫೋನನ್ನು ಪೂರ್ತಿ ಆರಿಸಿದರೆ ಕಟ್ಟೆ ಬರಿದಾಗುತ್ತದೆ. ಉಗ್ರಾಣದಲ್ಲಿದ್ದುದು ಹಾಗೆಯೇ ಉಳಿಯುತ್ತದೆ.

ಈ ವ್ಯತ್ಯಾಸದ ಮೂಲ ಅವುಗಳ ರಚನೆಯಲ್ಲಿಯೇ ಇದೆ. ಐ.ಬಿ.ಎಂ. ಸಂಸ್ಥೆಯ ರಾಬರ್ಟ್ ಡೆನ್ನಾರ್ಡ್ ಅವರು 1968ರಲ್ಲಿ ಪೇಟೆಂಟ್ ಪಡೆದ ಮಾದರಿಯೇ ಇಂದಿನ ರ‍್ಯಾಮಿಗೆ ತಳಹದಿ. ಅದರಲ್ಲಿ ಒಂದೊಂದು ಕಣವೂ ಚಿಟಿಕೆಯಷ್ಟು ವಿದ್ಯುತ್ತನ್ನು ಹಿಡಿದಿಡುವ ಬಟ್ಟಲು. ಆ ಬಟ್ಟಲು ಸೋರುತ್ತಲೇ ಇರುವುದರಿಂದ ಸೆಕೆಂಡಿಗೆ ಹಲವು ಬಾರಿ ತುಂಬಬೇಕು. ಕೆಲಸ ಬಲು ಚುರುಕು, ನೆನಪು ಮಾತ್ರ ಕ್ಷಣಿಕ. ಜಪಾನಿನ ತೋಷಿಬಾ ಸಂಸ್ಥೆಯಲ್ಲಿದ್ದ ಫುಜಿಯೊ ಮಸುಯೋಕ ಅವರು 1980ರ ದಶಕದಲ್ಲಿ ರೂಪಿಸಿದ ಫ್ಲ್ಯಾಶ್ ಮೆಮರಿಯಲ್ಲಿ ವಿದ್ಯುತ್ಕಣಗಳನ್ನು ಆವರಣದೊಳಗೆ ಬಂಧಿಸಿಡುತ್ತಾರೆ. ಅದು ನಿಧಾನ, ಆದರೆ ಬಾಳಿಕೆಯದು. ನಮ್ಮ ಉಗ್ರಾಣ ಅದರಿಂದಲೇ ಕಟ್ಟಿದ್ದು.

ಈಗ ಉಗ್ರಾಣದ ಅಳತೆಯನ್ನು ನೋಡೋಣ. ಯೂನಿಕೋಡ್ ಪದ್ಧತಿಯಲ್ಲಿ ‘ಕನ್ನಡ’ ಎಂಬ ಪದವನ್ನು ಕ, ನ, ಅರ್ಧಾಕ್ಷರದ ಗುರುತು, ಇನ್ನೊಂದು ನ, ಡ ಎಂದು ಐದು ಸಂಕೇತಗಳಾಗಿ ಬರೆಯುತ್ತಾರೆ. ಇಂದು ಬಳಕೆಯಲ್ಲಿರುವ ಸಾಮಾನ್ಯ ವಿಧಾನದಲ್ಲಿ ಸಂಕೇತಕ್ಕೆ ಮೂರು ಬೈಟಿನಂತೆ ಒಟ್ಟು 15 ಬೈಟು. ಇಂಗ್ಲಿಷಿನ ಅಕ್ಷರಕ್ಕೆ ಒಂದೇ ಬೈಟು ಸಾಕು. ಇಷ್ಟಾದರೂ ಇನ್ನೂರು ಪುಟದ ಕನ್ನಡ ಕಾದಂಬರಿಯೊಂದು ಸುಮಾರು ಒಂದು ಮೆಗಾಬೈಟಿನಲ್ಲಿ ಅಡಗುತ್ತದೆ. ಸಾವಿರ ಮೆಗಾಬೈಟ್ ಸೇರಿದರೆ ಒಂದು ಗಿಗಾಬೈಟ್. ಹಾಗಾದರೆ 128 ಗಿಗಾಬೈಟಿನ ಫೋನಿನಲ್ಲಿ ಲಕ್ಷ ಕಾದಂಬರಿಗಳ ಗ್ರಂಥಾಲಯವೇ ಹಿಡಿಸೀತು!

ಜಾಗವನ್ನು ನುಂಗುವುದು ಅಕ್ಷರವಲ್ಲ, ಚಿತ್ರ. ಒಂದು ಛಾಯಾಚಿತ್ರಕ್ಕೆ ಮೂರು ನಾಲ್ಕು ಮೆಗಾಬೈಟ್ ಬೇಕು. ಅಂದರೆ ಮೂರು ನಾಲ್ಕು ಕಾದಂಬರಿ. ಒಂದು ನಿಮಿಷದ ವೀಡಿಯೊ ಗುಣಮಟ್ಟಕ್ಕೆ ತಕ್ಕಂತೆ ಅರವತ್ತರಿಂದ ಮುನ್ನೂರೈವತ್ತು ಮೆಗಾಬೈಟಿನವರೆಗೂ ಹೋಗಬಹುದು. ವಾಟ್ಸಾಪಿನ ಗುಂಪುಗಳಲ್ಲಿ ದಿನವೂ ಬಂದಿಳಿಯುವ ‘ಶುಭೋದಯ’ದ ಹೂಗಳೂ ನಮಗೆ ತಿಳಿಯದಂತೆ ಉಗ್ರಾಣ ಸೇರುತ್ತವೆ.

ಹಾಗಾದರೆ ಎಷ್ಟು ಕೊಳ್ಳಬೇಕು? ಉತ್ತರ ನಿಮ್ಮ ಹಳೆಯ ಫೋನಿನಲ್ಲಿಯೇ ಇದೆ. ಅದರ ಸೆಟ್ಟಿಂಗ್ಸಿನಲ್ಲಿ ಸ್ಟೋರೇಜ್ ಎಂಬಲ್ಲಿ ನೋಡಿ. ಎರಡು ವರ್ಷದಲ್ಲಿ ನಿಮ್ಮ ಸಾಮಾನು 50 ಗಿಗಾಬೈಟ್ ಆಗಿದೆಯೆಂದುಕೊಳ್ಳೋಣ. ವರ್ಷಕ್ಕೆ 25ರಂತೆ ನಾಲ್ಕು ವರ್ಷಕ್ಕೆ 100. ಫೋನನ್ನು ನಡೆಸುವ ತಂತ್ರಾಂಶಕ್ಕೆ ಸುಮಾರು 20 ಸೇರಿಸಿದರೆ 120. ಪೆಟ್ಟಿಗೆಯ ಮೇಲೆ 128 ಎಂದಿದ್ದರೂ, ಸಾವಿರದ ಲೆಕ್ಕದ ಬದಲು 1024ರ ಲೆಕ್ಕ ಹಿಡಿಯುವ ಯಂತ್ರಗಳು ಅದನ್ನೇ 119 ಎಂದು ತೋರಿಸುತ್ತವೆ. ಮೇಲಾಗಿ ಫ್ಲ್ಯಾಶ್ ಮೆಮರಿಗೆ ಹೊಸದನ್ನು ಬರೆಯಲು ಬರಿದಾದ ಅಂಕಣಗಳು ಬೇಕು. ಕಂಠಮಟ್ಟ ತುಂಬಿದರೆ ಫೋನು ತಡವರಿಸುತ್ತದೆ. ಇಂಥವರಿಗೆ 256 ತಕ್ಕದ್ದು. ವರ್ಷಕ್ಕೆ ಹತ್ತು ಗಿಗಾಬೈಟ್ ಕೂಡಿಸುವವರಿಗೆ 128 ಧಾರಾಳವಾಯಿತು.

ಕಟ್ಟೆಯ ಲೆಕ್ಕ ಬೇರೆ. 2007ರ ಮೊದಲ ಐಫೋನಿನಲ್ಲಿ ರ‍್ಯಾಮ್ ಇದ್ದುದು 128 ಮೆಗಾಬೈಟ್ ಮಾತ್ರ. ಇಂದು ಅದರ ಅರವತ್ತು ಪಟ್ಟು ಸಾಮಾನ್ಯವಾಗಿದೆ. ಕಟ್ಟೆ ತುಂಬಿದಾಗ ಫೋನು ಹಿಂದೆ ತೆರೆದಿಟ್ಟ ಆ್ಯಪನ್ನು ಸದ್ದಿಲ್ಲದೆ ಎತ್ತಿಡುತ್ತದೆ. ಓಟಿಪಿ ನೋಡಿಕೊಂಡು ಬರುವಷ್ಟರಲ್ಲಿ ಬ್ಯಾಂಕಿನ ಪುಟ ಮೊದಲಿನಿಂದ ಶುರುವಾಗುವುದಕ್ಕೆ ಇದೂ ಒಂದು ಕಾರಣ. ಮಾತು, ವಾಟ್ಸಾಪ್, ಹಣ ಪಾವತಿ ಇಷ್ಟೇ ಸಾಕೆನ್ನುವವರಿಗೆ 6 ಗಿಗಾಬೈಟ್ ಸಾಕೆಂದೂ, ನಾಲ್ಕು ವರ್ಷ ನೆಮ್ಮದಿಯಾಗಿ ಬಳಸುವವರಿಗೆ 8 ಬೇಕೆಂದೂ ನನ್ನ ಅಭಿಪ್ರಾಯ. 12ಕ್ಕೆ ಮೇಲ್ಪಟ್ಟದ್ದು ದೊಡ್ಡ ಆಟಗಳನ್ನು ಆಡುವವರಿಗೆ, ವೀಡಿಯೊ ಸಂಕಲನ ಮಾಡುವವರಿಗೆ.

‘8ಕ್ಕೆ ಇನ್ನೂ 8 ಸೇರಿಸಿದ್ದೇವೆ’ ಎಂಬ ಜಾಹೀರಾತನ್ನು ಮಾತ್ರ ಎಚ್ಚರದಿಂದ ಓದಬೇಕು. ಉಗ್ರಾಣದ ಮೂಲೆಯನ್ನೇ ಕಟ್ಟೆಯೆಂದು ಕರೆಯುವ ಉಪಾಯವದು. ಅಡುಗೆಯವನು ಪ್ರತಿ ಸಲವೂ ಅಲ್ಲಿಗೆ ಓಡಬೇಕು. ಅಷ್ಟರ ಮಟ್ಟಿಗೆ ನಿಧಾನ.

ಹೊಸ ಅತಿಥಿಯೊಬ್ಬ ಬಂದಿದ್ದಾನೆ: ಕೃತಕ ಬುದ್ಧಿಮತ್ತೆ. ಮುನ್ನೂರು ಕೋಟಿ ಸಂಖ್ಯೆಗಳಿರುವ ಭಾಷಾ ಮಾದರಿಯೊಂದನ್ನು ಫೋನಿನೊಳಗೇ ನಡೆಸಬೇಕಾದರೆ, ಸಂಖ್ಯೆಗೆ ಅರ್ಧ ಬೈಟಿನಂತೆ ಹಿಂಡಿದರೂ ಒಂದೂವರೆ ಗಿಗಾಬೈಟ್ ಕಟ್ಟೆ ಅದೊಂದಕ್ಕೇ ಮೀಸಲು. ಅದೇ ಬುದ್ಧಿಯನ್ನು ಸಾಕುವ ದೂರದ ಗಣಕ ಕೇಂದ್ರಗಳ ಬೇಡಿಕೆಯಿಂದ 2025ರ ಕೊನೆಯ ಭಾಗದಲ್ಲಿ ಮೆಮರಿ ಚಿಪ್ಪುಗಳ ಬೆಲೆ ತೀವ್ರವಾಗಿ ಏರಿತು. ಆದಕಾರಣ ಬೇಡದ್ದಕ್ಕೆ ಹಣ ಸುರಿಯದಿರುವ ವಿವೇಕ ಈಗ ಹೆಚ್ಚು ಬೇಕು.

ಕೊನೆಯದಾಗಿ ಒಂದು ಮಾತು. ದೊಡ್ಡ ಉಗ್ರಾಣವೆಂದರೆ ಭದ್ರವಾದ ಉಗ್ರಾಣವೆಂದು ಅರ್ಥವಲ್ಲ. ಅಗಲಿದ ತಾಯಿಯ ದನಿ, ಮಗುವಿನ ಮೊದಲ ಹೆಜ್ಜೆ, ಜಮೀನಿನ ಪಹಣಿಯ ಚಿತ್ರ ಇವೆಲ್ಲ ಒಂದೇ ಫೋನಿನಲ್ಲಿದ್ದರೆ, ಬಸ್ಸಿನ ನೂಕುನುಗ್ಗಲಲ್ಲಿ ಅದು ಕಳೆದ ದಿನ ಎಲ್ಲವೂ ಹೋದಂತೆಯೇ. ಮೇಲಿನ ಮೆಟ್ಟಿಲಿಗೆ ತೆರಬೇಕೆಂದಿದ್ದ ಹಣದಲ್ಲಿ ಒಂದು ಪೆನ್ ಡ್ರೈವನ್ನೋ ಹಾರ್ಡ್ ಡಿಸ್ಕನ್ನೋ ಕೊಂಡು, ತಿಂಗಳಿಗೊಮ್ಮೆ ಪ್ರತಿ ತೆಗೆದಿಡುವ ರೂಢಿ ಮಾಡಿಕೊಂಡರೆ, ಆ ಹಣಕ್ಕೆ ಅದಕ್ಕಿಂತ ಒಳ್ಳೆಯ ವಿನಿಯೋಗವಿಲ್ಲವೆಂದು ನಾನು ತಿಳಿದಿದ್ದೇನೆ.